ಅವನು ಬೇಡ ಎಂದ ಮನೆ

"ಈ ಮನೆ ಬೇಡ."

ಹಿಂದಿನಿಂದ ಬಂದ ಮಾತಿಗೆ ಅವಳು ಬೆಚ್ಚಿ ತಿರುಗಿದಳು. ಮನೆಯೊಡತಿ ಮಹಡಿಯ ಬೀಗದ ಕೈ ತರಲು ಒಳಗೆ ಹೋಗಿದ್ದಳು. ಗೇಟಿನ ಪಕ್ಕ ಒಬ್ಬ ಗಂಡಸು ಮಂಡಿಯೂರಿ ಕೂತು, ನೆಲದಲ್ಲಿದ್ದ ಕಬ್ಬಿಣದ ಮುಚ್ಚಳ ಎತ್ತಿ, ಒಳಗೆ ಬಗ್ಗಿ ನೋಡುತ್ತಿದ್ದ. ಹೆಗಲಲ್ಲಿ ಚೀಲ, ಕೈಯಲ್ಲಿ ಪುಟ್ಟ ಯಂತ್ರ. ತಲೆ ಎತ್ತಿರಲೇ ಇಲ್ಲ.

"ನನಗೆ ಹೇಳಿದ್ರಾ?"

"ಇಲ್ಲಿ ಬೇರೆ ಯಾರಿದ್ದಾರೆ?"

"ಬೇಡ ಅನ್ನೋಕೆ ನೀವ್ಯಾರು?"

ಈಗ ತಲೆ ಎತ್ತಿದ. ಮೂವತ್ತೈದರ ಆಸುಪಾಸು. ಬಿಸಿಲಿಗೆ ಕಂದಿದ ಮುಖ, ನಗುತ್ತಿದ್ದಾನೋ ಇಲ್ಲವೋ ಗೊತ್ತಾಗದಂಥ ಕಣ್ಣು.

"ನೀರಿನ ಮೀಟರ್ ಓದೋನು. ಮಹಡಿಗೆ ನೀರು ಹತ್ತಲ್ಲ ಮೇಡಂ. ಬಂದವರೆಲ್ಲ ಮೂರು ತಿಂಗಳಿಗೆ ಗಂಟುಮೂಟೆ ಕಟ್ಟಿದ್ದಾರೆ. ನಂಬಿಕೆ ಇಲ್ಲದಿದ್ರೆ ನಲ್ಲಿ ತಿರುಗಿಸಿ ನೋಡಿ."

ಅವಳಿಗೆ ಮೈಯೆಲ್ಲ ಉರಿಯಿತು. ಯಾರೋ ಏನೋ, ದಾರಿಯಲ್ಲಿ ಹೋಗುವವನೆಲ್ಲ ತನಗೆ ಏನು ಬೇಕು ಏನು ಬೇಡ ಅಂತ ಹೇಳುವುದಾ... ಮೊದಲಾಗಿದ್ದರೆ ಸುಮ್ಮನಿರುತ್ತಿದ್ದಳೋ ಏನೋ. ಈಗ ಆಗದು.

ಆದರೂ ಮಹಡಿ ಹತ್ತಿದ ಮೇಲೆ ಮೊದಲು ಮಾಡಿದ ಕೆಲಸ ಅಡುಗೆಮನೆಯ ನಲ್ಲಿ ತಿರುಗಿಸಿದ್ದು. ನಲ್ಲಿ ಎರಡು ಸಲ ಕೆಮ್ಮಿತು. ಆಮೇಲೆ ಬರೀ ಗಾಳಿ.

"ಸ್ವಲ್ಪ ಹೊತ್ತು ಬಿಟ್ರೆ ಬರುತ್ತಮ್ಮ," ಎಂದಳು ಮನೆಯೊಡತಿ.

"ಎಷ್ಟು ಹೊತ್ತು?"

"ಸ್ವಲ್ಪ ಹೊತ್ತು."

ಕೆಳಗಿಳಿದು ಬರುವಾಗ ಅವನು ಹೋಗಿಯಾಗಿತ್ತು. ಅವನ ಮಾತು ನಿಜವಾಯಿತಲ್ಲ ಎಂಬುದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಅವಳಿಗೆ ಹೊಸ ಕೆಲಸ. ಗಿರಾಕಿ ಕಳಿಸಿದ ತುಂಡು ಬಟ್ಟೆಯ ಬಣ್ಣಕ್ಕೆ ಕಾರ್ಖಾನೆಯ ಬಣ್ಣ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು. ಸಾಲಾಗಿ ಇಟ್ಟ ಹತ್ತು ಕೆಂಪು ತುಂಡುಗಳಲ್ಲಿ ಇದು ಸರಿ, ಇದು ತುಸು ಹಳದಿಗೆ ವಾಲಿದೆ, ಇದು ಹಗಲಲ್ಲಿ ಒಂದು ಬಣ್ಣ, ದೀಪದಡಿ ಇನ್ನೊಂದು ಎಂದು ಕಣ್ಣು ಮಿಟುಕಿಸದೆ ಹೇಳುವವಳು ಅವಳು. ಲ್ಯಾಬಿನಲ್ಲಿ ಅವಳ ಮಾತೇ ಕೊನೆ.

ಹೊರಗೆ ಬಂದರೆ ಒಂದು ಬಾಡಿಗೆ ಮನೆ ಆರಿಸಲಾಗುತ್ತಿರಲಿಲ್ಲ.

ಕಾರ್ಖಾನೆಯ ಗೆಸ್ಟ್ ರೂಮನ್ನು ತಿಂಗಳ ಕೊನೆಗೆ ಬಿಡಬೇಕಿತ್ತು. ಇನ್ನು ಹನ್ನೆರಡು ದಿನ. ಇದುವರೆಗೆ ಒಂಬತ್ತು ಮನೆ ನೋಡಿದ್ದಳು. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ: "ಒಬ್ಬರೇನಾ?" ಹೌದೆಂದರೆ ಎರಡನೆಯದು: "ಯಾಕೆ?"

ರೂಮಿಗೆ ಬಂದರೆ ಅಕ್ಕನ ಫೋನು.

"ಏನೇ ಪುಟ್ಟಿ, ಮನೆ ನೋಡ್ತಿದ್ದೀಯೋ, ಗಂಡು ನೋಡ್ತಿದ್ದೀಯೋ? ಗಂಡಿಗೂ ಇಷ್ಟು ಕೊಂಕು ತೆಗೆಯಲ್ಲ ಕಣೇ."

"ಆಗ ತೆಗೆದಿದ್ರೆ ಚೆನ್ನಾಗಿರ್ತಿತ್ತು."

ಅಕ್ಕ ಮಾತು ತಿರುಗಿಸಿದಳು. "ಹೋಗ್ಲಿ ಬಿಡು. ಊಟ ಆಯ್ತಾ?"

ನಾಲ್ಕು ವರ್ಷದ ಮದುವೆ ಅದು. ಕಿಟಕಿಯ ಪರದೆಯಿಂದ ಹಿಡಿದು ಅವಳು ಯಾವ ಸ್ನೇಹಿತೆಯ ಜೊತೆ ಮಾತಾಡಬೇಕು ಎನ್ನುವವರೆಗೆ ಎಲ್ಲ ಗಂಡನದೇ ತೀರ್ಮಾನ. ಹೊಡೆಯಲಿಲ್ಲ, ಬೈಯಲಿಲ್ಲ. "ನಿನಗೆ ಗೊತ್ತಾಗಲ್ಲ, ಬಿಡು" ಎನ್ನುತ್ತಿದ್ದ, ಅಷ್ಟೇ. ದಿನಕ್ಕೆ ಹತ್ತು ಸಲ ಕೇಳಿ ಕೇಳಿ ಅವಳಿಗೂ ಅದೇ ನಿಜವಿರಬಹುದು ಅನ್ನಿಸತೊಡಗಿದ ದಿನ, ಒಂದು ಪೆಟ್ಟಿಗೆ ಹಿಡಿದು ಅಕ್ಕನ ಮನೆಗೆ ಬಂದಿದ್ದಳು. ಅದಾಗಿ ಎರಡು ವರ್ಷವಾಗಿತ್ತು. ಈ ಕೆಲಸ, ಈ ಊರು, ಸಿಗಬೇಕಾದ ಈ ಮನೆ... ಇವನ್ನು ಅವಳೊಬ್ಬಳೇ ಆರಿಸಬೇಕಿತ್ತು.

ಮೂರನೆಯ ದಿನ ಮೀಟರ್ ಓದುವವನು ಮತ್ತೆ ಸಿಕ್ಕ. ಅವಳು ಹತ್ತನೆಯ ಮನೆಯ ಮುಂದೆ ನಿಂತಿದ್ದಳು, ಅವನು ಪಕ್ಕದ ಗೇಟಿನಿಂದ ಹೊರಬರುತ್ತಿದ್ದ. ಅವಳನ್ನು ಕಂಡು, ಬಾಯಿ ತೆರೆದು, ಮುಚ್ಚಿಕೊಂಡ.

"ಹೇಳಿ ಪರವಾಗಿಲ್ಲ," ಎಂದಳು.

"ಕೇಳಿದ್ರೆ ಮಾತ್ರ ಹೇಳ್ತೀನಿ. ಅವತ್ತು ಬೈಸಿಕೊಂಡಾಯ್ತಲ್ಲ."

ಅವಳಿಗೆ ನಗು ಬಂತು. "ಸರಿ, ಕೇಳ್ತಿದ್ದೀನಿ."

"ಹಿಂದಿನ ಬೀದೀಲಿ ತಗಡು ಕತ್ತರಿಸೋ ಅಂಗಡಿ ಇದೆ. ಇವತ್ತು ರಜ, ಸದ್ದಿಲ್ಲ. ಅದಕ್ಕೇ ಮನೆಯವರು ಇವತ್ತೇ ಬರೋಕೆ ಹೇಳಿರ್ತಾರೆ."

ಬೀದಿ ಕೊನೆಯ ಅಂಗಡಿಯಲ್ಲಿ ಇಬ್ಬರೂ ಚಹಾ ಕುಡಿದರು. ಅವನ ಮಾತು ಕೇಳುತ್ತ ಕೂತರೆ ಊರಿನ ಗೋಡೆಗಳೆಲ್ಲ ಗಾಜಾದಂತೆ. ಯಾರ ಮನೆಗೆ ನೆಂಟರು ಬಂದರೂ ಮೊದಲು ಗೊತ್ತಾಗುವುದು ಮೀಟರಿಗೆ ಎಂದ. ಮಗು ಹುಟ್ಟಿದ ಮನೆಯ ಅಂಕಿ ಹೇಗೆ ಜಿಗಿಯುತ್ತದೆ, ಮಗಳು ಹಾಸ್ಟೆಲಿಗೆ ಹೋದ ಮನೆಯದು ಹೇಗೆ ಕುಸಿಯುತ್ತದೆ ಎಂದೂ ಹೇಳಿದ.

"ನಿಮ್ಮ ಮನೇದು?"

"ನಾನು, ನಮ್ಮ ಚಿಕ್ಕಮ್ಮ. ಅವರಿಗೆ ದಿನಾ ಅಂಗಳ ತೊಳೀಬೇಕು. ಇಡೀ ಬೀದೀಲಿ ಜಾಸ್ತಿ ಬರೋದು ನಮ್ಮದೇ. ನಾನೇ ನಾಚಿಕೊಂಡು ಬರ್ಕೊಳ್ತೀನಿ."

ಅವಳು ಜೋರಾಗಿ ನಕ್ಕಳು. ಎಷ್ಟು ದಿನವಾಗಿತ್ತು ಹೀಗೆ ನಕ್ಕು...

ಆಮೇಲೆ ಅದೇ ರೂಢಿಯಾಯಿತು. ನೋಡಬೇಕಾದ ಮನೆಯ ವಿಳಾಸವನ್ನು ಅವಳು ಫೋನಿನಲ್ಲಿ ಕಳಿಸುವುದು, ಅವನು ಎರಡೇ ಸಾಲಲ್ಲಿ ಉತ್ತರಿಸುವುದು. 'ಮನೆ ಚೆನ್ನ. ಬಾಗಿಲು ತೆಗೆದರೆ ಎದುರುಮನೆಯವರ ಊಟದ ಮೇಜು.' 'ಒಡೆಯರು ಒಳ್ಳೆಯವರು. ದಿನಕ್ಕೆ ಆರು ಸಲ ಬಂದು ಒಳ್ಳೆಯತನ ತೋರಿಸ್ತಾರೆ.'

ಬೇಡ ಅನ್ನಿಸಿಕೊಂಡ ಮನೆಗಳ ಪಟ್ಟಿ ಬೆಳೆಯುತ್ತಿತ್ತು. ದಿನ ಕರಗುತ್ತಿತ್ತು. ಅವಳಿಗೆ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ. ಮನೆ ಸಿಗಲಿಲ್ಲವೆಂದೋ, ನಾಳೆ ಅವನಿಗೆ ಕಳಿಸಲು ವಿಳಾಸ ಸಿಗದಿದ್ದರೆ ಎಂದೋ, ಅವಳಿಗೇ ತಿಳಿಯದು.

"ನಿನ್ನ ಮೀಟರ್‌ನವರು ಏನಂತಾರೆ?" ಎಂದು ಅಕ್ಕ ಕೇಳತೊಡಗಿದಳು.

"ನನ್ನ ಮೀಟರ್‌ನವರು ಅಂದ್ರೇನೇ?"

"ಮತ್ತೆ ನನ್ನವರಾ?"

ಐದು ದಿನ ಉಳಿದಿದ್ದಾಗ ನದಿಯಾಚೆ ಒಂದು ಮನೆ ಇದೆಯೆಂದು ಗೊತ್ತಾಯಿತು. ಆ ಕಡೆಯ ಮೀಟರ್ ತಾನು ಓದುವುದಿಲ್ಲ, ಬೇರೆಯವರದು ಎಂದ ಅವನು. "ಜೊತೆಗೆ ಬನ್ನಿ ಹಾಗಾದ್ರೆ," ಎಂದಳು. ಸೇತುವೆ ದಾಟಿ ಹೋದರು.

ಮೇಷ್ಟ್ರಾಗಿದ್ದು ನಿವೃತ್ತರಾದ ಒಬ್ಬರ ಮನೆ. ಪಕ್ಕದಲ್ಲಿ ಬೇರೆಯೇ ಮೆಟ್ಟಿಲು, ಮೇಲೆ ಎರಡು ಕೋಣೆ. ಬಾಗಿಲು ತೆಗೆದವಳು ಅಲ್ಲೇ ನಿಂತಳು. ಗೋಡೆಯ ಉದ್ದಕ್ಕೂ ಕಿಟಕಿ. ನೆಲದ ತುಂಬ ಬೆಳಕು. ಬಣ್ಣ ನೋಡುವ ಕಣ್ಣಿಗೆ ಬೇಕಾದಂಥ ಬೆಳಕು, ಯಾವುದಕ್ಕೂ ವಾಲದ ಬಿಳಿ. ಅವಳು ಕೋಣೆಯ ನಡುವೆ ಹೋಗಿ ಒಂದು ಸುತ್ತು ತಿರುಗಿ, ಕಾರಣವಿಲ್ಲದೆ ನಕ್ಕಳು.

"ಹೇಗಿದೆ ಹೇಳಿ?"

ಅವಳನ್ನೇ ನೋಡುತ್ತಿದ್ದವನು ಸರಕ್ಕನೆ ಗೋಡೆಯ ಕಡೆ ತಿರುಗಿ, ಅಂಗೈ ಒತ್ತಿದ.

"ಒದ್ದೆಯಾಗುತ್ತೆ."

"ಏನು?"

"ಗೋಡೆ. ಈ ಕಡೆ ನದಿ ಹತ್ತಿರ ಅಲ್ವಾ... ಇದ್ದವರು ಅದಕ್ಕೇ ಬಿಟ್ಟಿದ್ದು ಅಂತ ಕೇಳಿದ್ದೆ. ಬೇಡ ಇದು."

ಅವಳ ಮುಖದ ಬೆಳಕು ಆರಿತು. ಗೋಡೆ ಒಣಗಿದ್ದಂತೆ ಕಂಡರೂ, ಇದುವರೆಗೆ ಅವನ ಒಂದು ಮಾತೂ ಸುಳ್ಳಾಗಿರಲಿಲ್ಲವಲ್ಲ. ಯೋಚಿಸಿ ಹೇಳುತ್ತೇನೆಂದು ಮೇಷ್ಟ್ರಿಗೆ ತಿಳಿಸಿ ಹೊರಟಳು.

ಮರುದಿನ ಅವನಿಂದ ಸಂದೇಶ: 'ನಮ್ಮ ಚಿಕ್ಕಮ್ಮನ ಮನೆ ಮಹಡಿ ಮೇಲೆ ಒಂದು ರೂಮಿದೆ. ಬೇಕಾದರೆ ನೋಡಿ.'

ಹೋಗಿ ನೋಡಿದಳು. ಚಿಕ್ಕಮ್ಮ ತೊಳೆದ ಅಂಗಳದಲ್ಲೇ ನಿಂತು ಕೈಹಿಡಿದು ಕರೆದೊಯ್ದರು. ರೂಮು ಸಣ್ಣದು, ಕತ್ತಲೆ. ಆದರೆ ಆ ಮನೆಯಲ್ಲಿ ಯಾರೂ ಒಬ್ಬರೇನಾ, ಯಾಕೆ ಎಂದು ಕೇಳಲಿಲ್ಲ. ಹ್ಞೂಂ ಅಂದುಬಿಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ನಾಳೆ ಹೇಳುತ್ತೇನೆ ಎಂದಳು.

ಆ ನಾಳೆಯ ಮಧ್ಯಾಹ್ನ, ಕಾರ್ಖಾನೆಯಲ್ಲಿ, ಬಟ್ಟೆ ಒಣಗಿಸುವ ವಿಭಾಗದ ಹಿರಿಯ ಹೆಂಗಸೊಬ್ಬರು ಊಟದ ಡಬ್ಬಿ ಬಿಚ್ಚುತ್ತ ಕೇಳಿದರು, "ಮನೆ ಸಿಕ್ತಾ?"

ಅವಳು ನದಿಯಾಚೆಯ ಮನೆಯ ಕಥೆ ಹೇಳಿದಳು. ಆಕೆಯ ತುತ್ತು ಅರ್ಧದಲ್ಲೇ ನಿಂತಿತು.

"ಮೇಷ್ಟ್ರ ಮನೇನಾ? ಅಲ್ಲಿ ಇದ್ದವಳು ನಾನೇ ಕಣಮ್ಮ. ಆರು ವರ್ಷ ಇದ್ದೆ. ಗೋಡೆ ಮೇಲೆ ಒಂದು ಕಲೆ ಬಿದ್ದಿಲ್ಲ. ಮಗಳು ದೊಡ್ಡವಳಾದಳು, ಅವಳಿಗೊಂದು ರೂಮು ಬೇಕಿತ್ತು, ಅದಕ್ಕೆ ಬಿಟ್ಟೆ. ಒದ್ದೆ ಅಂತ ನಿನ್ನ ತಲೆಗೆ ತುಂಬಿದವರು ಯಾರು?"

ಅವಳಿಗೆ ಊಟ ಸೇರಲಿಲ್ಲ.

ಮೂರು ಗಂಟೆಗೆ ಕೆಲಸ ಬಿಟ್ಟವಳು ನೇರ ಅವನು ಓದುವ ಬೀದಿಗಳಿಗೆ ನಡೆದಳು. ನಾಲ್ಕನೆಯ ಬೀದಿಯಲ್ಲಿ ಸಿಕ್ಕ. ಅವಳ ಮುಖ ನೋಡಿಯೇ ಎದ್ದು ನಿಂತ.

"ಗೋಡೆ ಒದ್ದೆ ಅಂದ್ರಲ್ಲ, ನಿಜಾನಾ?"

ಅವನು ಕಣ್ಣು ತಪ್ಪಿಸಲಿಲ್ಲ. "ಇಲ್ಲ. ಸುಳ್ಳು."

"ಚಿಕ್ಕಮ್ಮನ ರೂಮಿಗೆ ಬಾಡಿಗೆಯವರು ಬೇಕಿತ್ತು, ಅಲ್ವಾ? ನೇರವಾಗಿ ಕೇಳಬಹುದಿತ್ತಲ್ಲ ನೀವು."

"ಅದಲ್ಲ..."

"ಮತ್ತೇನು?"

ಅಷ್ಟರಲ್ಲಿ ಎದುರು ಮನೆಯ ಗೇಟಿನಿಂದ ಯಾರೋ, "ಮೀಟರ್‌ನವ್ರೇ, ನಮ್ಮದು ಬರ್ಕೊಂಡ್ರಾ?" ಎಂದು ಕೂಗಿದರು. ಅವನು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಅವಳು ತಿರುವಿನಲ್ಲಿದ್ದಳು.

ಕಣ್ಣೀರು ಬರಬಾರದೆಂದು ಹಲ್ಲು ಕಚ್ಚಿಕೊಂಡು ನಡೆದಳು. ಇವನೂ ಅಷ್ಟೇ. ನಯವಾಗಿ ಮಾತಾಡುತ್ತಾನೆ, ನಗಿಸುತ್ತಾನೆ, ಕೊನೆಗೆ ತನಗೆ ಅನುಕೂಲವಾದ ಕಡೆ ನನ್ನನ್ನು ತಳ್ಳುತ್ತಾನೆ...

ಮರುದಿನ ಬೆಳಗ್ಗೆಯೇ ಮೇಷ್ಟ್ರ ಮುಂದೆ ನಿಂತಳು. "ಮನೆ ಯಾರಿಗಾದ್ರೂ ಕೊಟ್ಟುಬಿಟ್ರಾ ಸಾರ್?"

"ಇಲ್ಲಮ್ಮ, ನಿನಗೇ ಇಟ್ಟಿದ್ದೀನಿ," ಎಂದರು ಮೇಷ್ಟ್ರು. "ನಿನ್ನೆ ಸಂಜೆ ನಿನ್ನ ಜೊತೆ ಬಂದಿದ್ದ ಮನುಷ್ಯ ಬಂದಿದ್ದ. ನಿಮ್ಮ ಗೋಡೆ ಬಗ್ಗೆ ಸುಳ್ಳು ಹೇಳಿದೆ, ಕ್ಷಮಿಸಿ, ಅವರು ಬಂದೇ ಬರ್ತಾರೆ, ಬೇರೆ ಯಾರಿಗೂ ಕೊಡಬೇಡಿ ಅಂದ. ಗೋಡೆ ಮುಟ್ಟಿ ಕ್ಷಮೆ ಕೇಳೋದೊಂದು ಬಾಕಿ."

ಅವಳು ಬೀಗದ ಕೈ ಇಸಿದುಕೊಂಡಳು. ಚಿಕ್ಕಮ್ಮನ ರೂಮು ತುಂಬಿಸಬೇಕೆಂದವನು ಇಲ್ಲಿಗೆ ಯಾಕೆ ಬಂದ?

ಮನೆ ಅವಳದಾಯಿತು. ಮೂರು ವಾರ ಕಳೆಯಿತು. ಮಂಚವನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆದಳು, ಮತ್ತೆ ಈ ಗೋಡೆಗೆ ತಂದಳು. ಬೆಳಕು ಅಷ್ಟೇ ಚೆನ್ನಾಗಿತ್ತು. ಆದರೂ ಕೂತರೆ ನಿಲ್ಲಬೇಕು, ನಿಂತರೆ ಹೋಗಬೇಕು ಅನ್ನಿಸುವ ತಳಮಳ. ಗೇಟು ಸದ್ದಾದರೆ ಕಿಟಕಿಗೆ ಓಡುತ್ತಿದ್ದಳು. ಫೋನಿನಲ್ಲಿ ಎರಡು ಸಾಲು ಬರೆದು ಅಳಿಸುತ್ತಿದ್ದಳು. ಅವನಿಂದಲೂ ಏನೂ ಬರಲಿಲ್ಲ.

ಒಂದು ಶನಿವಾರ ಗೇಟು ನಿಜವಾಗಿಯೂ ಸದ್ದಾಯಿತು. ಹೆಗಲಲ್ಲಿ ಅಂಥದೇ ಚೀಲ... ಓಡಿ ಇಳಿದರೆ, ನರೆಗೂದಲಿನ ಬೇರೆಯವರು.

"ಹೊಸದಾಗಿ ಬಂದವರು ನೀವೇನಾ?" ಎಂದು ಮುಚ್ಚಳ ಎತ್ತುತ್ತ ಆ ಹಿರಿಯರು ಕೇಳಿದರು. "ಆಚೆ ಕಡೆ ಓದೋನೊಬ್ಬ ಈ ಬೀದಿ ತನಗೆ ಕೊಡಿ ಅಂತ ನನ್ನ ತಲೆ ತಿಂದುಬಿಟ್ಟಿದ್ದ. ಸರಿ ತಗೊಳಪ್ಪಾ ಅಂದೆ. ನಾಲ್ಕೇ ದಿನಕ್ಕೆ ಬಂದು ಬೇಡ ಅಂದ."

"ಯಾಕಂತೆ?" ಅವಳ ದನಿ ಅವಳಿಗೇ ಕೇಳಲಿಲ್ಲ.

"ನಾನೂ ಕೇಳಿದೆ. ಅವರಿಗೆ ನನ್ನ ಮುಖ ನೋಡೋಕೆ ಇಷ್ಟ ಇಲ್ಲ, ಕೆಲಸದ ನೆಪದಲ್ಲಿ ಹೋಗಿ ಗೇಟು ತಟ್ಟಬಾರದು ಅಂದ. ಯಾರೋ ಏನೋ, ನನಗ್ಯಾಕೆ." ಅಂಕಿ ಬರೆದುಕೊಂಡು ಅವರು ಮುಂದಿನ ಮನೆಗೆ ಹೋದರು.

ಭಾನುವಾರ ಬೆಳಗ್ಗೆ ಅವಳು ಸೇತುವೆ ದಾಟಿದಳು.

ಅಂಗಳ ತೊಳೆಯುತ್ತಿದ್ದ ಚಿಕ್ಕಮ್ಮ ಪೊರಕೆ ಬದಿಗಿಟ್ಟರು. "ಬಾಮ್ಮ, ಬಾ. ಅಂಗಡಿಗೆ ಹೋಗಿದ್ದಾನೆ, ಈಗ ಬರ್ತಾನೆ."

"ಚಿಕ್ಕಮ್ಮ, ಮೇಲಿನ ರೂಮಿಗೆ ಯಾರಾದ್ರೂ ಬಂದ್ರಾ?"

"ಅದು ಬಾಡಿಗೆಗೆ ಅಂತ ಯಾವತ್ತಿತ್ತು? ಅವನದೇ ರೂಮದು." ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ಅವರಿಗೆ ಎಲ್ಲೂ ಮನೆ ಸಿಗ್ತಿಲ್ಲ, ನಾನು ಕೆಳಗೆ ನಡುಮನೇಲಿ ಮಲಗ್ತೀನಿ ಅಂದ. ರಾತ್ರಿಯೆಲ್ಲ ಕೂತು ತನ್ನ ಸಾಮಾನು ಕೆಳಗಿಳಿಸಿದ. ನೀನು ಬರಲಿಲ್ಲ, ಮತ್ತೆ ಎಲ್ಲ ಮೇಲೆ ಹೊತ್ತ. ಬೆನ್ನು ಹಿಡ್ಕೊಂಡು ಎರಡು ದಿನ ನರಳಿದ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಗೇಟಿನ ಬಳಿ ಚೀಲ ಹಿಡಿದು ಬಂದವನು ಅಲ್ಲೇ ನಿಂತ. ಚಿಕ್ಕಮ್ಮ ಚೀಲ ಇಸಿದುಕೊಂಡು, ಇಬ್ಬರನ್ನೂ ಒಮ್ಮೆ ನೋಡಿ ಒಳಗೆ ಹೋದರು.

"ಅವತ್ತು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ ನೀವು," ಎಂದಳು. "ಯಾಕೆ ಸುಳ್ಳು ಹೇಳಿದ್ರಿ?"

ಅವನು ಒದ್ದೆ ನೆಲ ನೋಡುತ್ತ ಮಾತಾಡಿದ. "ಆ ಮನೇಲಿ ನೀವು ನಕ್ಕಿರಲ್ಲ... ನೋಡಿ ಹೆದರಿಕೆ ಆಯ್ತು. ಮನೆ ಸಿಕ್ತು, ಇನ್ನು ನಾಳೆಯಿಂದ ನನ್ನನ್ನ ಕರೆಯೋಕೆ ಇವರಿಗೆ ಕಾರಣ ಏನಿದೆ ಅಂತ. ಬಾಯಿಂದ ಸುಳ್ಳು ಬಂದುಬಿಡ್ತು. ಅಲ್ಲಿಂದ ಇಲ್ಲಿವರೆಗೆ ಅದೇ ಕೊರೀತಿದೆ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ನಾಲ್ಕು ವರ್ಷ ಒಬ್ಬರ ಜೊತೆ ಇದ್ದೆ. ನನಗೇನು ಬೇಕು ಅನ್ನೋದನ್ನ ಅವರೇ ಹೇಳ್ತಿದ್ರು. ಆಮೇಲೆ ಮೊದಲನೇ ಸಲ, ಇದು ನನಗೆ ಬೇಕು ಅಂತ ನನಗೇ ಅನ್ನಿಸಿದ್ದು ಆ ಮನೆ. ಅದನ್ನೇ ನೀವು..."

ಅವನ ಮುಖ ಬಿಳಿಚಿತು. "ನನಗೆ ಗೊತ್ತಿರಲಿಲ್ಲ. ಗೊತ್ತಿದ್ರೂ ಗೊತ್ತಿಲ್ಲದಿದ್ರೂ ಮಾಡಿದ್ದು ತಪ್ಪೇ. ಇನ್ಯಾವತ್ತೂ ನಿಮಗೆ ಸುಳ್ಳು ಹೇಳಲ್ಲ. ನೀವು ಮಾತಾಡಿಸದಿದ್ರೂ ಸರಿ."

"ಮಾತಾಡಿಸದೆ ಮೂರು ವಾರ ಇದ್ದು ನೋಡಿದೆ. ಆಗಲಿಲ್ಲ." ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನಿಮ್ಮ ಮೇಲೆ ಸಿಟ್ಟು ಇನ್ನೂ ಇದೆ. ನೀವು ಇಷ್ಟಾನೂ ಹೌದು. ಎರಡನ್ನೂ ಹೇಳಿ ಹೋಗೋಣ ಅಂತ ಬಂದೆ."

ಅವನು ಮೊದಲ ಸಲ ತಲೆ ಎತ್ತಿ ನೋಡಿದ. ಏನೋ ಹೇಳಲು ಹೋಗಿ, ಕೈಯಿಂದ ಮುಖ ಒರೆಸಿಕೊಂಡ.

"ನನಗೆ... ನೀವು ಮೊದಲ ದಿನ ಬೈದಾಗಿನಿಂದಾನೇ..."

"ಅವತ್ತು ನಾನು ಬೈದಿರಲಿಲ್ಲ."

"ಕಣ್ಣಲ್ಲೇ ಬೈದಿದ್ರಿ."

ಒಳಗಿನಿಂದ ಲೋಟಗಳ ಸದ್ದು ಕೇಳುತ್ತಿತ್ತು. ಅವಳು ಕಣ್ಣೊರೆಸಿಕೊಂಡು ಕೇಳಿದಳು, "ಕಾರಣ ಏನೂ ಇಲ್ಲದೆ, ಸುಮ್ಮನೆ ಮನೆಗೆ ಬನ್ನಿ ಅಂತ ಕರೆದ್ರೆ ಬರಲ್ವಾ?"

"ಬರ್ತೀನಿ."

"ನಾಳೆ?"

"ನಾಳೆ ಬರ್ತೀನಿ." ಸ್ವಲ್ಪ ತಡೆದು, ಮೆಲ್ಲಗೆ ಕೇಳಿದ, "ನಾಡಿದ್ದು?"

"ಮೊದಲು ನಾಳೆ ಬನ್ನಿ," ಎಂದಳು ಅವಳು, ನಗು ತಡೆಯಲಾರದೆ.