ಎಡಗಂಟಿನ ಮೂಲ

ನದಿಮೂಲ, ಋಷಿಮೂಲ, ಅತ್ತೆಮೂಲ ಹುಡುಕಬಾರದು ಎಂದು ಹಿರಿಯರು ಹೇಳಿದ್ದಾರೆ. ಮೂರನೆಯದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅತ್ತೆ ಅಲ್ಲೇ ಕೂತಿದ್ದರು, ಅಷ್ಟೆ. ಇದು ನಿಜವಾಗಿ ನಡೆದ ಕಥೆ. ಗಾಡಿಯಲ್ಲಿ ನಡೆದದ್ದರಿಂದ ಓಡಿದ ಕಥೆ ಎಂದರೂ ತಪ್ಪಿಲ್ಲ.

"ಇನ್ನೊಂದು ಸಲ ಆ ಕೂಸಿನ ಮಾತು ಎತ್ತಿದ್ರೆ ಇಲ್ಲೇ ಇಳಿದುಬಿಡ್ತೀನಿ!"

ಅತ್ತೆ ತಟ್ಟೆ ಕುಕ್ಕಿದ ರಭಸಕ್ಕೆ ಒಲೆಯ ಮೇಲಿನ ಹಾಲು ತುಳುಕಿತು. ಮೆಕ್ಯಾನಿಕ್ ಮಗ ಹಳೆಯ ಬಸ್ಸಿನ ಸೀಟು ಕಿತ್ತು, ಮಂಚ, ಒಲೆ, ಮಡಚುವ ಮೇಜು ಕೂರಿಸಿ ಮಾಡಿದ್ದ ಮನೆಗಾಡಿ ಅದು. ಮುನಿಸಿಕೊಂಡು ಹೋಗಿ ಮಲಗಲು ಇನ್ನೊಂದು ಕೋಣೆಯೂ ಇರಲಿಲ್ಲ. ಸೊಸೆ ತಲೆ ತಗ್ಗಿಸಿ ಹಾಲು ಒರೆಸಿದಳು. ಮಡಿಲು ತುಂಬದೆ ವರ್ಷಗಳು ಕಳೆದು, ಕೊನೆಗೊಂದು ದಿನ ಅನಾಥಾಲಯದಲ್ಲಿ ಅವಳ ಬೆರಳು ಹಿಡಿದು ಬಿಡಲೊಲ್ಲದೆ ಅತ್ತ ಕೂಸು... ಅದಕ್ಕವಳು ಮನಸ್ಸಿನಲ್ಲೇ ಗುಬ್ಬಿ ಎಂದು ಹೆಸರಿಟ್ಟಿದ್ದಳು. ಬೇಗ ಉತ್ತರ ಹೇಳದಿದ್ದರೆ ಗುಬ್ಬಿ ಬೇರೆ ಮನೆಗೆ! ಅಮ್ಮ ಒಪ್ಪದೆ ತರುವುದು ಬೇಡ ಎಂದು ಗಂಡ. ಸತ್ತರೂ ಒಪ್ಪೆನೆಂದು ಅತ್ತೆ.

"ಯಾರೋ ಹೆತ್ತು ಬಿಟ್ಟುಹೋದದ್ದರ ಕೈಗೆ ನನ್ನ ತಾತನ ಗಂಟು ಕೊಡ್ಲಾ?"

ಅತ್ತೆ ಬೆತ್ತದ ಕುರ್ಚಿ ಹೆಣೆಯುವವರು. ಉಳಿದವರು ಕುರ್ಚಿಯಡಿಯ ಕೊನೆಯ ಗಂಟನ್ನು ಬಲಕ್ಕೆಳೆದು ಮುಗಿಸಿದರೆ, ಇವರ ಮನೆತನದ್ದು ಎಡಗಂಟು, ಮೇಲೆರಡು ಸುತ್ತು. "ಇದು ಕಲಿಯೋದಲ್ಲ, ರಕ್ತದಲ್ಲಿ ಬರೋದು" ಎನ್ನುತ್ತ, ಸೊಸೆ ಹತ್ತಿರ ಬಂದರೆ ಬೆನ್ನು ತಿರುಗಿಸಿ ಗಂಟು ಹಾಕುತ್ತಿದ್ದರು. ಆದರೆ ಆ ತಾತ ಯಾವ ಊರಿನಿಂದ ಬಂದವನೆಂದು ಯಾರಿಗೂ ಗೊತ್ತಿರಲಿಲ್ಲ. ಅತ್ತೆಯೇ ಪಂಥ ಕಟ್ಟಿದ್ದರು: "ಹುಡುಕೋಣ ನಡಿ. ನಮ್ಮ ವಂಶದಲ್ಲಿ ಹೊರಗಿನ ಒಂದು ಹನಿ ರಕ್ತ ತೋರಿಸು, ಆ ಕೂಸನ್ನ ನಾನೇ ಎತ್ಕೊಂಡು ಬರ್ತೀನಿ!"

ಹೀಗೆ ಶುರುವಾಗಿತ್ತು ಕುರ್ಚಿಯಡಿ ಇಣುಕುವ ಪ್ರಯಾಣ. ರೈಲು ನಿಲ್ದಾಣ, ವಕೀಲರ ಜಗಲಿ, ಕ್ಷೌರದಂಗಡಿ... ಹಳೆಯ ಬೆತ್ತದ ಕುರ್ಚಿ ಕಂಡಲ್ಲಿ ಕೂತವರನ್ನು ಎಬ್ಬಿಸಿ ಮಗುಚಿ ನೋಡುವುದು. ಎಡಗಂಟು ಸಿಕ್ಕರೆ ಆ ಕುರ್ಚಿ ಯಾವ ಊರಿಂದ ಬಂತೆಂದು ಕೇಳಿ ಅತ್ತ ಗಾಡಿ ತಿರುಗಿಸುವುದು. ಅರ್ಧ ಗಡ್ಡ ಹೆರೆಸಿಕೊಂಡವನೊಬ್ಬ ನೊರೆ ಸಮೇತ ಎದ್ದು ನಿಂತು ಬೈದಿದ್ದ. ಎಡಗಂಟು ಸಿಕ್ಕಾಗಲೆಲ್ಲ ಮಗ ಕಂಡಕ್ಟರನ ಮೂಗುಧ್ವನಿ ತೆಗೆದು, "ರೈಟ್ ರೈಟ್! ಮುಂದಿನ ಸ್ಟಾಪ್ ಮುತ್ತಾತ!" ಎನ್ನುತ್ತಿದ್ದ. ಅತ್ತೆ ಮಾತ್ರ ಆ ಗಂಟನ್ನು ಸವರಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಗಂಟುಗಳು ಕೊನೆಗೆ ಅವರನ್ನೊಂದು ಹಳೆಯ ಹೆಣಿಗೆಯಂಗಡಿಗೆ ತಂದು ನಿಲ್ಲಿಸಿದವು. ಮಂಡಿನೋವೆಂದು ಅತ್ತೆ ಗಾಡಿಯಲ್ಲೇ ಕೂತು, ತಾವು ಹೆಣೆದ ಸ್ಟೂಲನ್ನು ಸೊಸೆಯ ಕೈಗಿತ್ತರು. ಒಳಗೆ, ನೆನೆಹಾಕಿದ ಬೆತ್ತದ ವಾಸನೆಯ ನಡುವೆ ಕೂತಿದ್ದ ಮುದುಕ ಅದನ್ನು ಮಗುಚಿದವನೇ ಹೊಟ್ಟೆ ಹಿಡಿದು ನಗತೊಡಗಿದ.

"ಅಯ್ಯಯ್ಯೋ, ಇದಿನ್ನೂ ಬದುಕಿದೆಯೇನಮ್ಮ! ಇದು ನಮ್ಮಜ್ಜ ಮಾಡಿದ ತಮಾಷೆ ಕಣಮ್ಮ. ಈ ಬಾಗಿಲಲ್ಲಿ ಯಾರೋ ಒಂದು ಗಂಡುಕೂಸು ಬಿಟ್ಟುಹೋಗಿದ್ರಂತೆ. ಅಜ್ಜನೇ ಸಾಕಿ ಕೆಲಸ ಕಲಿಸಿದ. ಎಡಗಂಟು ಹಾಕಿ ಎರಡು ಸುತ್ತು ಸುತ್ತದಿದ್ರೆ ಕುರ್ಚಿ ಎದ್ದು ಓಡಿಹೋಗುತ್ತೆ ಅಂತ ಅವನಿಗೆ ಕೀಟಲೆ ಮಾಡಿದ್ದ. ಪಾಪ, ಅವನು ನಂಬಿಬಿಟ್ಟ! ನಿಜ ಹೇಳೋ ಹೊತ್ತಿಗೆ ಬೆಳೆದು ಊರು ಬಿಟ್ಟಿದ್ದ..."

ಸೊಸೆ ತಟ್ಟನೆ ಸ್ಟೂಲನ್ನು ಎತ್ತಿಕೊಂಡಳು. ಹೊರಗಿನ ರಕ್ತ! ಪಂಥ ಗೆದ್ದಳು, ಗುಬ್ಬಿ ತನ್ನವಳಾದಳು! ಗಾಡಿಗೆ ಓಡಿ ಒಂದು ಮಾತು ಹೇಳಿದರೆ ಸಾಕು... ಆದರೆ ಕಾಲು ಏಳಲಿಲ್ಲ. ಗಂಟನ್ನು ಕಣ್ಣಿಗೊತ್ತಿಕೊಂಡ ಆ ಮುಖ ಎದುರು ನಿಂತಿತು. ಒಬ್ಬ ತಾಯಿಯ ಬೇರು ಕಿತ್ತು ತಾನು ತಾಯಿಯಾಗುವುದೇ?

"ದಮ್ಮಯ್ಯ ಅಜ್ಜಾ, ಅತ್ತೆ ಹತ್ರ ಇದನ್ನ ಹೇಳ್ಬೇಡಿ. ಅವರಿಗಿರೋ ಹೆಮ್ಮೆ ಇದೊಂದೇ. ಆ ಕೂಸು... ನನ್ನ ಹಣೇಲಿ ಬರೆದಿಲ್ಲ ಅಂದ್ಕೋತೀನಿ..."

"ಮುಚ್ಚಿಡ್ಬೇಡಪ್ಪ. ಪೂರ್ತಿ ಹೇಳು."

ಬಾಗಿಲಲ್ಲಿ ಅತ್ತೆ! ಮಗನ ಭುಜ ಹಿಡಿದು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನಮ್ಮ ತಾತನ್ನ... ಚೆನ್ನಾಗಿ ನೋಡ್ಕೊಂಡ್ರಾ?"

"ನಮ್ಮಜ್ಜಿ ಒಂದು ಮೊಲೆ ಸ್ವಂತ ಮಗನಿಗೆ, ಇನ್ನೊಂದು ಅವನಿಗೆ ಕೊಟ್ಟವಳಮ್ಮ. ಅವನು ಹೋದಮೇಲೆ ಅವಳು ಅತ್ತಷ್ಟು ಯಾರೂ ಅತ್ತಿಲ್ವಂತೆ."

ಅತ್ತೆ ಅಲ್ಲೇ ಕುಸಿದು ಕೂತರು. ಸ್ಟೂಲನ್ನು ಮಡಿಲಿಗೆಳೆದುಕೊಂಡು ಗಂಟನ್ನು ನೋಡಿದರು, ನೋಡಿದರು... ಭುಜ ಅದುರತೊಡಗಿತು. "ಅತ್ತೇ, ಅಳಬೇಡಿ!" ಎಂದು ಸೊಸೆ ಓಡಿಬಂದು ತಬ್ಬಿಕೊಂಡಳು. ಮುಖವೆತ್ತಿ ನೋಡಿದರೆ, ಅತ್ತೆಯ ಕಣ್ಣಲ್ಲಿ ನೀರು ಸುರಿಯುತ್ತಿದೆ, ಬಾಯಲ್ಲಿ ನಗು ತಡೆಯಲಾಗುತ್ತಿಲ್ಲ!

"ಕುರ್ಚಿ ಓಡಿಹೋಗುತ್ತಂತೆ ಕಣೇ! ಅದನ್ನ ನಂಬಿ ಮೂರು ತಲೆ ಗಂಟು ಹಾಕಿದ್ವಲ್ಲೇ! ನಾನು ಬೇರೆ ನಿಂಗೆ ಬೆನ್ನು ತಿರುಗಿಸ್ಕೊಂಡು, ಏನೋ ಚಿನ್ನ ಬಚ್ಚಿಡೋಳ ಥರ... ಥೂ ನನ್ನ! ಲೋ, ಗಾಡಿ ತಿರುಗಿಸೋ, ಆ ಕೂಸು ಕಾಯ್ತಿರುತ್ತೆ!"

ಮುದುಕ ನಕ್ಕ, ಮಗ ನಕ್ಕ, ಅಳುತ್ತಲೇ ಸೊಸೆಯೂ ನಕ್ಕಳು. ಆದರೆ ಬೀದಿಯ ಆಚೆಯವರೆಗೆ ಕೇಳಿಸಿದ್ದು ಅತ್ತೆಯ ನಗು.