ಬೊಚ್ಚುಬಾಯಿ ಅಜ್ಜ ಇದ್ದಾರಾ?

ಟಕ್... ಟಕ್... ಟಕ್...

ಬಾಗಿಲು ಬಡಿದ ಸದ್ದಿಗೆ ಗಿಣಿಯ ಕೈಯಲ್ಲಿದ್ದ ಬಿಸಿನೀರಿನ ಲೋಟ ತುಳುಕಿತು.

ಈ ಮನೆಗೆ ಯಾರೂ ಬರುವುದಿಲ್ಲ. ಬರಬಾರದೆಂದೇ ಅವಳು ನಾಲ್ಕನೇ ಮಹಡಿಯ ಮೂಲೆಯಲ್ಲಿ, ಲಿಫ್ಟಿನ ಪಕ್ಕವಾದರೂ ಸರಿ ಎಂದು ಈ ಮನೆ ಹಿಡಿದಿದ್ದಳು. ಅಕ್ಕನ ಹತ್ತಿರ ಒಂದು ಬೀಗದ ಕೈ ಇದೆ ನಿಜ. ಆದರೆ ಅಕ್ಕ ಬಾಗಿಲು ಬಡಿಯುವವಳಲ್ಲ, ಬೈಯುತ್ತಲೇ ಒಳಗೆ ಬರುವವಳು!

ಸರಪಳಿ ಹಾಕಿಕೊಂಡೇ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಳು.

ಹೊರಗೊಬ್ಬ ಉದ್ದನೆಯ ಯುವಕ. ಕೊರಳಲ್ಲಿ ಹೆಡ್‌ಫೋನ್, ಬಾಯಲ್ಲಿ ಏದುಸಿರು.

"ಕ್ಷಮಿಸಿ... ಇಲ್ಲಿ ಬೊಚ್ಚುಬಾಯಿ ಅಜ್ಜ ಇದ್ದಾರಾ?"

ಗಿಣಿಯ ಕೈಯಲ್ಲಿ ಸರಪಳಿ ಗಲಗಲ ಎಂದಿತು.

ಬೊಚ್ಚುಬಾಯಿ ಅಜ್ಜ ಯಾವ ಮನೆಯಲ್ಲೂ ಇರಲಿಲ್ಲ. ಅವನಿದ್ದದ್ದು ಒಂದೇ ಕಡೆ... ಗಿಣಿಯ ಗಂಟಲಲ್ಲಿ!

"ಗಾಬರಿ ಆಗ್ಬೇಡಿ, ನಾನು ಮೇಲಿನ ಮಹಡಿಯವನು. 'ಇನ್ನೊಂದ್ಸಲ ಹಾಕಿ' ಗುಂಪಲ್ಲಿ ಅಜ್ಜನ ಮಾತು ಕೇಳ್ತಿರ್ತೀನಿ. ಹೋದ ಸಲ ಕೆಮ್ಮಿ ಕೆಮ್ಮಿ ಅರ್ಧಕ್ಕೇ ನಿಲ್ಸಿದ್ರು. ಆಮೇಲೆ ಸುದ್ದೀನೇ ಇಲ್ಲ! ಆ ಕೆಮ್ಮಿನ ಹಿಂದೆ ನಮ್ಮ ಲಿಫ್ಟಿನ ರಾಗ ಕೇಳಿಸ್ತು. ಮೂರನೇ ಸ್ವರಕ್ಕೆ ಕಪ್ಪೆ ಥರ 'ಕೊರ್' ಅನ್ನೋ ಲಿಫ್ಟು ಇನ್ನೆಲ್ಲಿದೆ ಹೇಳಿ? ಅದಕ್ಕೇ ಒಂದೊಂದೇ ಮನೆ ಬಾಗಿಲು ಬಡೀತಾ..."

ಸದ್ದು ಹಿಡಿದು ಬಂದಿದ್ದಾನೆ. ಮತ್ತೊಬ್ಬ... ಸದ್ದು ಹಿಡಿದು ಬಂದಿದ್ದಾನೆ!

ದಢಾರನೆ ಬಾಗಿಲು ಮುಚ್ಚಿ, ಅದಕ್ಕೇ ಬೆನ್ನು ಒತ್ತಿ ನಿಂತಳು. ಇವನನ್ನು ಓಡಿಸಬೇಕು, ಹೇಗಾದರೂ ಸರಿ! ನೆಗಡಿಗೆ ಒಡೆದಿದ್ದ ಗಂಟಲನ್ನು ಇನ್ನಷ್ಟು ಒಡೆದು, ತುಟಿಗಳನ್ನು ಒಳಗೆಳೆದುಕೊಂಡು, ಅಜ್ಜನನ್ನೇ ಸಹಾಯಕ್ಕೆ ಕರೆದಳು.

"ಯಾವನೋ ಅವ್ನು? ನಾನಿನ್ನೂ ಸತ್ತಿಲ್ಲ ಕಣೋ! ಸತ್ತಾಗ ಹೇಳಿ ಕಳಿಸ್ತೀನಿ, ಈಗ ನಡಿ ಇಲ್ಲಿಂದ!"

"ಅಜ್ಜಾ! ಇದ್ದೀರಾ! ಸದ್ಯ... ಸದ್ಯ!"

ಬಾಗಿಲ ಕಿಂಡಿಯಿಂದ ನೋಡಿದಳು. ಅವನು ಮೆಟ್ಟಿಲ ಮೇಲೆ ಕುಸಿದು ಕೂತು, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಬೈಸಿಕೊಂಡು ಇಷ್ಟು ಖುಷಿಪಟ್ಟವರನ್ನು ಗಿಣಿ ಎಂದೂ ನೋಡಿರಲಿಲ್ಲ. ಆದರೂ ಸರಪಳಿಯ ಮೇಲಿನ ಕೈ ತೆಗೆಯಲಿಲ್ಲ.

*

'ಇನ್ನೊಂದ್ಸಲ ಹಾಕಿ' ಒಂದು ವಾದ್ಯತಂಡದ ಅಭಿಮಾನಿಗಳು ಫೋನಿನಲ್ಲಿ ಕಟ್ಟಿಕೊಂಡ ಗುಂಪು. ವಾರಕ್ಕೊಬ್ಬರು ಒಂದು ಹಾಡು ಸೂಚಿಸಬೇಕು. ಮಿಕ್ಕವರು ಅದನ್ನು ಕೇಳಿ, ತಮ್ಮ ದನಿಯಲ್ಲೇ ವಿಮರ್ಶೆ ಹೇಳಿ, ಐದಕ್ಕೆ ಇಷ್ಟು ನಕ್ಷತ್ರ ಎಂದು ತೀರ್ಪು ಕೊಡಬೇಕು.

ತಮ್ಮ ದನಿಯಲ್ಲೇ! ಗಿಣಿಗೆ ಆಗದಿದ್ದದ್ದು ಅದೊಂದೇ.

ಹಿಂದೆ ಅವಳು ಒಂದು ಕಂಪನಿಯಲ್ಲಿ ಗ್ರಾಹಕರ ಫೋನ್ ತೆಗೆಯುತ್ತಿದ್ದಳು. ಆ ದನಿಗೆ ಅಂಟಿಕೊಂಡ ಒಬ್ಬ, ದನಿ ಹಿಡಿದು ಕಚೇರಿ ಹುಡುಕಿದ, ಕಚೇರಿ ಹಿಡಿದು ಬಸ್ ಸ್ಟಾಪ್ ಹುಡುಕಿದ. "ಮಾತಾಡು... ಸುಮ್ನೆ ಏನಾದ್ರೂ ಮಾತಾಡು..." ಎನ್ನುತ್ತಾ ಬೆನ್ನ ಹಿಂದೆಯೇ ನಡೆಯುತ್ತಿದ್ದ. ಕೈಮುಗಿದು ಬೇಡಿಕೊಂಡರೂ ಹೋಗಲಿಲ್ಲ. ಕೊನೆಗೆ ಅವಳೇ ಕೆಲಸ, ಮನೆ ಎಲ್ಲ ಬಿಟ್ಟು ಹೋಗಬೇಕಾಯಿತು.

ಈಗ ಅವಳದು ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಗಾಜು ಉಜ್ಜುವ ಕೆಲಸ. ಅಲ್ಲಿ ಯಂತ್ರವೇ ಸಾಕಷ್ಟು ಮಾತಾಡುವುದರಿಂದ ಇವಳು ಬಾಯಿ ತೆರೆಯಬೇಕಿಲ್ಲ. ಬಾಲ್ಯದಲ್ಲಿ ಮನೆಗೆ ಬಂದವರ ದನಿಯನ್ನೆಲ್ಲ ಅಣಕಿಸಿ 'ಗಿಣಿ' ಎನಿಸಿಕೊಂಡವಳಿಗೆ, ಗುಂಪಿನಲ್ಲಿ ಮಾತಾಡಲು ಉಳಿದದ್ದು ಒಬ್ಬ ಬಾಡಿಗೆ ಅಜ್ಜನ ದನಿ ಮಾತ್ರ.

"ಅಜ್ಜನಾಗಿ ಅವನನ್ನ ಬೈದು ಓಡ್ಸಿದ್ಯಾ?" ಫೋನಿನಲ್ಲಿ ಅಕ್ಕ ಬಿದ್ದು ಬಿದ್ದು ನಕ್ಕಳು. "ಮುಂದೆ ವರ ನೋಡೋಕೆ ಬಂದ್ರೂ ಆ ಮುದುಕನ್ನೇ ಕೂರಿಸ್ತೀಯೇನೇ?"

"ನಗ್ಬೇಡ ಅಕ್ಕಾ... ಅವ್ನಿಗೆ ಮನೆ ಗೊತ್ತಾಗಿದೆ."

ಅಕ್ಕನ ನಗು ತಟ್ಟನೆ ನಿಂತಿತು. "ಚಿಲಕ ಹಾಕಿದ್ಯಾ?"

"ಹಾಕಿದೀನಿ."

"ಅವನೂ ಆ ಥರದವನೇನೇ?"

ಗೋಡೆಯಾಚೆ ಲಿಫ್ಟು ಹಾಡುತ್ತಿತ್ತು. ಸಾ... ಗಾ... ಕೊರ್! ಪ್ರತಿ 'ಕೊರ್'ಗೂ ಗಿಣಿ ಚಿಲಕವನ್ನು ಮುಟ್ಟಿ ನೋಡುತ್ತಿದ್ದಳು.

*

ಮರುದಿನ ಬಾಗಿಲ ಹೊರಗೆ ಒಂದು ಚೀಲ ಕಿತ್ತಳೆ ಇತ್ತು. ಹಿಂದೆಯೇ ಅಜ್ಜನ ಹೆಸರಿಗೆ ದನಿಸಂದೇಶ ಬಂತು. ಗುಂಪಿನಲ್ಲಿ 'ತಾಳತಪ್ಪಿದವ' ಎಂಬ ಹೆಸರಿಟ್ಟುಕೊಂಡವನು ಅವನೇ!

"ಅಜ್ಜ, ಹಣ್ಣು ಇಟ್ಟಿದ್ದೀನಿ. ಬಾಗಿಲು ಬಡೀಲಿಲ್ಲ. ನಿಮ್ಮ ಮೊಮ್ಮಗಳು ನನ್ನ ಕಂಡು ತುಂಬಾ ಹೆದರ್ಕೊಂಡ್ರು. ಸರಪಳಿ ಅವ್ರ ಕೈಲಿ ಗಲಗಲ ಅಂತಿತ್ತು. ನಾನ್ಯಾಕೆ ಹುಚ್ಚನ ಥರ ಹುಡುಕ್ಕೊಂಡು ಬಂದೆ ಅಂತ ಅವ್ರಿಗೆ ಹೇಳಿ. ನಮ್ಮಪ್ಪ ಹೋದ ಮೇಲೆ ನನಗೆ ಒಂದು ಹಾಡೂ ಕೇಳೋಕಾಗ್ತಿರ್ಲಿಲ್ಲ. ಪಿಯಾನೊಗೆ ಶ್ರುತಿ ಕೂರಿಸೋನು ನಾನು, ಸ್ವರ ಕೇಳಿದ್ರೆ ಓಡಿ ಹೋಗ್ತಿದ್ದೆ! ಆಗ ನೀವು ಅಂದ್ರಿ, 'ಕೇಳೋಕಾಗ್ದಿದ್ರೆ ಬಿಡು ಮರಿ, ನಾನು ಕೇಳಿ ಹೇಳ್ತೀನಿ ಹೇಗಿದೆ ಅಂತ.' ಅಷ್ಟು ತಿಂಗಳು ನಾನು ಹಾಡು ಕೇಳ್ಲಿಲ್ಲ ಅಜ್ಜ. ನಿಮ್ಮನ್ನೇ ಕೇಳಿದೆ."

ಗಿಣಿ ಆ ಸಂದೇಶವನ್ನು ಮತ್ತೆ ಹಾಕಿದಳು. ಇನ್ನೊಂದ್ಸಲ.

'ನಂಬಬೇಡ ಗಿಣಿ... ಆ ಬಸ್ ಸ್ಟಾಪಿನವನೂ ಮೊದಲು ಮೃದುವಾಗಿಯೇ ಮಾತಾಡಿದ್ದ...'

ಆಮೇಲೆ ಇವನು ಅವಳ ಬಾಗಿಲ ಪಕ್ಕದ ಲಿಫ್ಟು ಬಿಟ್ಟು ಮೆಟ್ಟಿಲಲ್ಲೇ ಓಡಾಡತೊಡಗಿದ. ಅವಳ ಮಹಡಿ ಬಂದಾಗ ಬೇಕೆಂದೇ ಜೋರಾಗಿ ಕೆಮ್ಮುತ್ತಿದ್ದ. 'ನಾನು ಹೋಗ್ತಿದ್ದೀನಿ, ನಿಲ್ಲಲ್ಲ' ಎಂಬಂತೆ. ಅವಳು ಕಿಂಡಿಗೆ ಕಣ್ಣಿಟ್ಟು, ಉಸಿರು ಬಿಗಿಹಿಡಿದು, ಆ ಹೆಜ್ಜೆಗಳು ಕರಗುವವರೆಗೂ ನಿಂತಿರುತ್ತಿದ್ದಳು. ಮೊದಮೊದಲು ಬರೀ ಹೆದರಿ. ಆಮೇಲಾಮೇಲೆ... ಕೆಮ್ಮು ತಡವಾದರೂ ಹೆದರಿ!

ಒಂದು ಭಾನುವಾರ ಬೆಳಿಗ್ಗೆ ಮತ್ತೊಂದು ಸಂದೇಶ ಬಂತು.

"ಅಜ್ಜ, ಬೈಬೇಡಿ. ನಿಮ್ಮ ಮೊಮ್ಮಗಳನ್ನ ನಾಲ್ಕು ಬೆರಳಷ್ಟು ಮಾತ್ರ ನೋಡಿದೀನಿ. ಆದ್ರೂ ಅವ್ರದ್ದೇ ಯೋಚನೆ ಆಗಿದೆ. ನಿನ್ನೆ ಅವ್ರು ನನ್ನ ಹೆಜ್ಜೆ ಕೇಳಿ, ಹೊರಗಿಟ್ಟ ಕಾಲು ಒಳಗೆಳ್ಕೊಂಡ್ರು. ಒಬ್ಬರು ಹೆದರ್ಕೊಂಡು ಬದುಕೋದಕ್ಕಿಂತ ಇನ್ನೊಬ್ಬ ಮನೆ ಬದಲಾಯಿಸೋದು ಸುಲಭ ಅಲ್ವಾ? ಇವತ್ತೇ ಖಾಲಿ ಮಾಡ್ತಿದ್ದೀನಿ. ನಿಮ್ಮ ವಿಮರ್ಶೆ ಮಾತ್ರ ನಿಲ್ಲಿಸ್ಬೇಡಿ."



ಅಂದು ಹಿಂಬಾಲಿಸಿದವನು ಬೇಡಿಕೊಂಡರೂ ಹೋಗಿರಲಿಲ್ಲ. ಇವನು... ಬೇಡದೆಯೇ ಹೊರಟಿದ್ದಾನೆ!

ಅಷ್ಟರಲ್ಲೇ ಮೆಟ್ಟಿಲ ಮೇಲೆ ಭಾರದ ಹೆಜ್ಜೆಗಳು. ಪೆಟ್ಟಿಗೆ ಗೋಡೆಗೆ ಉಜ್ಜಿದ ಸದ್ದು. ಆಮೇಲೆ ಆ ಕೆಮ್ಮು.

ಹೆಜ್ಜೆ ಬಾಗಿಲು ದಾಟಿತು. ಒಂದು ಮೆಟ್ಟಿಲು ಇಳಿಯಿತು.

"ನಿಲ್ಲಿ!"

ಅವಳದೇ ದನಿ! ಇಷ್ಟು ದಿನ ಅಜ್ಜನ ಹಿಂದೆ ಅವಿತು ಕೂತ ದನಿ ಅವಳ ಕಿವಿಗೇ ಹೊಸತಾಗಿತ್ತು.

ಹೆಜ್ಜೆ ನಿಂತಿತು.

"ಈ ಮನೇಲಿ... ಅಜ್ಜ ಇಲ್ಲ. ಯಾವತ್ತೂ ಇರ್ಲಿಲ್ಲ. ಅದು ನಾನೇ."

ಗಿಣಿ ಕಣ್ಣು ಮುಚ್ಚಿಕೊಂಡಳು. 'ಹೋಗಿಬಿಡ್ತಾನೆ... ಮೋಸ ಮಾಡಿದಳು ಅಂತ ಹೋಗಿಬಿಡ್ತಾನೆ...'

"ಹಾಗಾದ್ರೆ..." ಹೆಜ್ಜೆ ಒಂದು ಮೆಟ್ಟಿಲು ವಾಪಸ್ ಹತ್ತಿತು. "ಅವತ್ತು 'ನಾನು ಕೇಳಿ ಹೇಳ್ತೀನಿ' ಅಂದಿದ್ದು?"

"ನಾನೇ. ದನಿ ಮಾತ್ರ ಸುಳ್ಳು. ಮಾತು ಸುಳ್ಳಲ್ಲ."

ಪೆಟ್ಟಿಗೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಗಾಬರಿಯ ದನಿ, "ಅಯ್ಯೋ ದೇವ್ರೇ! ನಿಮ್ಮ ಬಗ್ಗೆ ನಿಮ್ಮ ಹತ್ರಾನೇ ಹೇಳ್ಕೊಂಡ್ನಾ?"

"ಎಲ್ಲಾ ಕೇಳಿಸ್ಕೊಂಡೆ." ಅಳುವಿನ ಮಧ್ಯೆಯೇ ಅವಳಿಗೆ ನಗು ಬಂತು. ಬಾಗಿಲಿಗೆ ಹಣೆಯೊತ್ತಿ ಎಲ್ಲವನ್ನೂ ಹೇಳಿದಳು. ಆ ಫೋನು, ಆ ಬಸ್ ಸ್ಟಾಪು, ಬೆನ್ನ ಹಿಂದಿನ ಆ ದನಿ... "ನೀವು ಹಾಗಲ್ಲ ಅಂತ ಗೊತ್ತು. ಆದ್ರೂ ಸರಪಳಿ ತೆಗೆಯೋಕೆ ಕೈ ಹೋಗ್ತಿಲ್ಲ. ಹೊರಗೆ ಏನಿದ್ಯೋ ಅಂತ ಭಯ."



"ನೋಡೋಕಾಗ್ದಿದ್ರೆ ಬಿಡಿ," ಎಂದ ಅವನು, ಮೆಲ್ಲಗೆ. "ನಾನು ನೋಡಿ ಹೇಳ್ತೀನಿ ಹೇಗಿದೆ ಅಂತ."

ಗಿಣಿ ಬಾಗಿಲಿಗೆ ಕಿವಿಯೊತ್ತಿದಳು.

"ಬೆಳಕಿಗೆ ಮೂರು ನಕ್ಷತ್ರ, ಒಂದು ಬಲ್ಬು ಹೋಗಿದೆ. ಲಿಫ್ಟಿಗೆ ಒಂದು, ಅದೂ ದಾಕ್ಷಿಣ್ಯಕ್ಕೆ. ಮೆಟ್ಟಿಲು ಕೆಳಗಿನ ತನಕ ಖಾಲಿ, ಯಾರೂ ಇಲ್ಲ. ಬಾಗಿಲಿಂದ ದೂರ, ಗೋಡೆಗೆ ಒರಗಿ ಒಬ್ಬ ದಡ್ಡ ನಿಂತಿದ್ದಾನೆ. ಅವನಿಗಿನ್ನೂ ನಕ್ಷತ್ರ ಕೊಟ್ಟಿಲ್ಲ. ಅದು ನಿಮ್ಮ ಕೆಲಸ."

ಸರಪಳಿ ಗಲಗಲ ಎಂದಿತು. ನಿಂತಿತು. ಮತ್ತೆ ಗಲಗಲ...

ಬಾಗಿಲು ಪೂರ್ತಿ ತೆರೆಯಿತು.

ಅವನು ನಿಜಕ್ಕೂ ದೂರದಲ್ಲೇ ಇದ್ದ, ಗೋಡೆಗೆ ಒರಗಿ. ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ.

ಸಾ... ಗಾ... ಕೊರ್! ಲಿಫ್ಟು ಕೂಗಿತು. ಗಿಣಿ ಬೆಚ್ಚಿದಳು. ಆದರೆ ಬಾಗಿಲು ಮುಚ್ಚಲಿಲ್ಲ.

"ಭಯ ಆಯ್ತಾ?"

"ಆಯ್ತು." ಅವಳು ತುಟಿಗಳನ್ನು ಒಳಗೆಳೆದುಕೊಂಡು ಅಜ್ಜನಾದಳು. "ಏ ಮರಿ, ಪೆಟ್ಟಿಗೆ ಎತ್ಕೊಂಡು ಮೇಲೆ ನಡಿಯೋ!"

ಅವನು ನಕ್ಕ. ಕಣ್ಣು ತುಂಬಿತ್ತು. "ಅಜ್ಜನ ಮಾತು ಆಯ್ತು. ಈಗ ನಿಮ್ಮ ದನೀಲಿ ಹೇಳಿ."

ಅವಳು ಒಮ್ಮೆ ಉಸಿರೆಳೆದುಕೊಂಡಳು. ದನಿ ನಡುಗಿತು, ಆದರೆ ಅದು ಅವಳದೇ ಆಗಿತ್ತು.

"ಹೋಗ್ಬೇಡಿ..."

"ಇನ್ನೊಂದ್ಸಲ?"

"ಹೋಗ್ಬೇಡಿ!"