ಲೈನಿಗೆ ಬಂದ ಇದ್ದಿಲು

ಕಾಫಿ ಹಣ್ಣು ಸುಲಿಯುವ ಪಲ್ಪಿಂಗ್ ಕಾಲದಲ್ಲಿ ತವರುಮನೆಯ ಹಿಂದೆ ಸಿಪ್ಪೆ ಕೊಳೆಯುತ್ತಿದ್ದ ಗುಂಡಿಯ ನಾತ ಸಬ್‌ಇನ್‌ಸ್ಪೆಕ್ಟರ್ ಮುತ್ತಮ್ಮನವರಿಗೆ ಬಾಲ್ಯದಿಂದಲೂ ನೆನಪಿತ್ತು. ಫೆಬ್ರುವರಿಯ ಆ ಸೋಮವಾರ ಬೆಳಿಗ್ಗೆ, ಸಿದ್ದಾಪುರದ ಬಳಿಯ ಎಸ್ಟೇಟೊಂದರ ಕೂಲಿಕಾರರ ಲೈನ್ ಮನೆಯಿಂದ ಬಂದ ಲಿಂಗಿ ಠಾಣೆಯಲ್ಲಿ ಬಾಟಲಿಯ ಮುಚ್ಚಳ ತೆರೆದಾಗ ಅದೇ ನಾತ ಬಂತು.

"ಫಿಲ್ಟರ್ ನೀರು ಅಮ್ಮಾ. ಒಳ್ಳೇದು ಅಂತ ಮಗೂಗೆ ಅದ್ನೇ ಕುಡ್ಸಿದೆ."

ಲೈನಿನ ಮಕ್ಕಳು ವಾಂತಿಭೇದಿಯಿಂದ ಮಲಗಿದ್ದರು. ಲಿಂಗಿಯ ಮೊಮ್ಮಗಳು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಹೇಳಿಕೆ ಪಡೆದು ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೆಬಲ್ ನಂದೀಶ್ ಲಿಂಗಿಗೆ ತನ್ನ ಕುರ್ಚಿ ಎಳೆದುಕೊಟ್ಟ.

ಹನ್ನೊಂದು ಗಂಟೆಗೆ ಮುತ್ತಮ್ಮ ಪಂಚರೆದುರು ಲೈನಿನ ನೀರಿನ ಫಿಲ್ಟರ್ ಬಿಚ್ಚಿಸಿದರು. ಕಳೆದ ತಿಂಗಳು ಮಾಲೀಕರು ಲೈನಿಗೆಂದೇ ರೋಗಾಣು ಕೊಲ್ಲುವ ಬೆಳ್ಳಿ ಲೇಪಿಸಿದ ಇದ್ದಿಲು ಕಳಿಸಿದ್ದರು. ಒಳಗಿದ್ದದ್ದು ಲೋಳೆಗಟ್ಟಿದ ಹಳೆಯ ಇದ್ದಿಲು. ನಂದೀಶ್ ಮುಖ ತಿರುಗಿಸಿ ಉಗುಳಿದ. ಮುತ್ತಮ್ಮ ಅದನ್ನು ಕೆದಕಿದಾಗ ಕಾಫಿ ಬೀಜದ ಹೊರಸಿಪ್ಪೆಯ ಚೂರುಗಳು ಸಿಕ್ಕವು. ಇದ್ದಿಲು ತಯಾರಿಸುವ ಕಂಪನಿಯ ಚೀಲದಲ್ಲಿ ಅವು ಬರುವುದಿಲ್ಲ. ಯಾರೋ ಕಾಫಿ ಒಣಗಿಸುವ ಕಣದಲ್ಲಿ ಇದನ್ನು ಹರವಿ, ಗುಡಿಸಿ ತುಂಬಿದ್ದರು. ಕಣದ ಬೀಗದ ಕೈ ಇದ್ದದ್ದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪದ್ಮಯ್ಯನ ಬಳಿ ಮಾತ್ರ.

ಪಂಚನಾಮೆ ಮುಗಿಸಿ, ಮಾದರಿಗೆ ಮೊಹರು ಹಾಕಿ, ಪದ್ಮಯ್ಯನ ಮನೆಗೆ ಹೋದರು. ಅವನ ಹೆಂಡತಿ ಬೊಳ್ಳಮ್ಮ ಏನೂ ತಿಳಿಯದೆ ಅಡುಗೆಮನೆಯ ಫಿಲ್ಟರ್ ತೋರಿಸಿ, ಹೋದ ತಿಂಗಳಷ್ಟೇ ಇವರು ಹೊಸ ಇದ್ದಿಲು ಹಾಕಿದರು ಎಂದರು. ಲೈನಿಗೆಂದು ಬಂದಿದ್ದ ಇದ್ದಿಲಿನ ಖಾಲಿ ಚೀಲ ಸೌದೆ ಕೊಟ್ಟಿಗೆಯಲ್ಲಿತ್ತು. ಮುತ್ತಮ್ಮ ಪದ್ಮಯ್ಯನತ್ತ ತಿರುಗಿದರು.

"ನಿಮ್ಮನೆ ಹಳೇದನ್ನ ಎಲ್ಲಿ ತೊಳೆದ್ರಿ?"

"ಪಲ್ಪರ್ ತೊಟ್ಟೀಲಿ."

"ಆ ಕೊಳಚೇಲಾ?"

"ಲೈನಿನವ್ರು ತೋಡಿನ ನೀರು ಕುಡ್ದು ಬೆಳೆದವ್ರು ಮೇಡಂ. ಅವ್ರಿಗೇನಾಗ್ತದೆ?"

ಮುತ್ತಮ್ಮ ಲಿಂಗಿ ತಂದಿದ್ದ ಬಾಟಲಿಯ ನೀರನ್ನು ಲೋಟಕ್ಕೆ ಸುರಿದು ಅವನ ಮುಂದಿಟ್ಟರು. "ಕುಡೀರಿ ನೋಡುವ."

ಪದ್ಮಯ್ಯ ಮೂಗು ಮುಚ್ಚಿಕೊಂಡ. ಬೊಳ್ಳಮ್ಮ ಲೋಟವನ್ನೂ ಗಂಡನನ್ನೂ ನೋಡಿ ಒಳಗೆ ಹೋದರು.

ನಾಲ್ಕು ಗಂಟೆಗೆ ಅವನನ್ನು ಬಂಧಿಸಲಾಯಿತು. ಅವನು ಒಂದು ಹಿಡಿ ಇದ್ದಿಲನ್ನೂ ಮಾರಿರಲಿಲ್ಲ. ತನ್ನ ಮನೆಗೆ ಬಾರದ್ದು ಲೈನಿನವರಿಗೆ ಬಂತಲ್ಲ ಎಂಬುದನ್ನು ಅವನಿಂದ ಸಹಿಸಲಾಗಿರಲಿಲ್ಲ, ಅಷ್ಟೇ.

ಸಂಜೆ ಮುತ್ತಮ್ಮ ಆಸ್ಪತ್ರೆಗೆ ಹೋದಾಗ ಮಗು ಕಣ್ಣು ಬಿಟ್ಟು ಅಜ್ಜಿಯ ಸೆರಗು ಹಿಡಿದಿತ್ತು. ವಾರ್ಡಿನ ಬಾಗಿಲಲ್ಲಿ ಬೊಳ್ಳಮ್ಮ ಬಹಳ ಹೊತ್ತು ನಿಂತಿದ್ದರು. ಕೊನೆಗೆ ಒಳಗೆ ಬಂದು, ಬಟ್ಟೆ ಸುತ್ತಿದ ಬಿಸಿ ಗಂಜಿಯ ಪಾತ್ರೆಯನ್ನು ತಲೆಯೆತ್ತದೆ ಲಿಂಗಿಯ ಕೈಗೆ ಕೊಟ್ಟರು.